ಹಿಡಿಯ ಬಲಮಗ್ಗುಲು

ಮಾವ ಸೊಸೆಗೆ ಇಟ್ಟ ಹೆಸರು ಗಡಿಬಿಡಿ. ಮದುವೆಯಾಗಿ ಬಂದ ಹೊಸದರಲ್ಲಿ ಒಲೆಯ ಮೇಲೆ ಹಾಲಿಟ್ಟು, ಎಲ್ಲಿ ಉಕ್ಕೀತೋ ಎಂದು ಹೆದರಿ, ಬಿಸಿಯಾಗುವ ಮೊದಲೇ ಇಳಿಸಿಬಿಟ್ಟಿದ್ದಳು. ಅವತ್ತು ಅಂಟಿದ ಹೆಸರು ಬಿಡಲಿಲ್ಲ. ಅಂಥವಳ ಕೈಗೆ ಇರುವುದರಲ್ಲೇ ಅತಿ ನಿಧಾನದ ಕಸುಬು ಬಂದು ಬಿದ್ದಿತಲ್ಲ ಎಂದು ನೆನೆದರೆ ಮೊದಮೊದಲು ಅವಳಿಗೇ ನಗು ಬರುತ್ತಿತ್ತು. ಈಚೆಗೆ ಅದೂ ಬರುತ್ತಿರಲಿಲ್ಲ.

ಮಾವನ ಕಸುಬು ಬಂದೂಕಿನ ಮರದ ಹಿಡಿಗೆ ಚೌಕುಳಿ ಕೊರೆಯುವುದು. ಬೆವರಿದ ಕೈ ಜಾರಬಾರದೆಂದು ಹಿಡಿಯ ಎರಡೂ ಮಗ್ಗುಲಿಗೆ ಓರೆಯಾಗಿ ಒತ್ತೊತ್ತಾಗಿ ಗೆರೆ ಕೊರೆದು, ಅವುಗಳ ಮೇಲೆ ಎದುರು ಓರೆಯಲ್ಲಿ ಮತ್ತೆ ಗೆರೆ ಕೊರೆದರೆ, ನಡುವೆ ಸಾಸಿವೆಯಷ್ಟು ಸಣ್ಣ ಮೊನಚು ಚೌಕುಳಿಗಳು ಏಳುತ್ತವೆ. ಮಗನಿಗೆ ಕಲಿಸಲು ಹೋಗಿ ಮಾವ ಕೈಚೆಲ್ಲಿದ್ದರು. "ಗೆರೆ ಎಳೀತಾ ಕೂತ್ರೆ ನನಗೆ ಹುಚ್ಚು ಹಿಡಿಯುತ್ತೆ ಅಪ್ಪ" ಎಂದು ಅವನು ಲಾರಿಯ ಸ್ಟೇರಿಂಗ್ ಹಿಡಿದು ಊರೂರು ಸುತ್ತಲು ಹೊರಟಿದ್ದ. ಡಿಗ್ರಿ ಓದಿ ಆಫೀಸಿಗೆ ಹೋಗುತ್ತಿದ್ದ ಸೊಸೆ, ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟು, ಮಗುವಿಗೆ ಸೀನು ಬಂದರೆ ತಾನು ಊಟ ಬಿಡುವಂತಾದಾಗ, ಮಾವ ಒಂದು ಮರದ ತುಂಡು ಕೊಟ್ಟು "ಇದನ್ನ ಕೊರಿ. ನನ್ನ ತಲೆ ಕೊರೆಯೋದು ತಪ್ಪುತ್ತೆ" ಎಂದಿದ್ದರು.

ಹಾಗೆ ಶುರುವಾದದ್ದು. ಕೈ ಕುದುರಿತು. ಆದರೆ ಅವಳ ಕೈ ಕುದುರುವ ಹೊತ್ತಿಗೆ ಮಾವನ ಕೈ ನಡುಗತೊಡಗಿತು.

ಈಗ ಮೇಜಿನ ಮೇಲಿದ್ದದ್ದು ಗುರಿ ಹೊಡೆಯಲು ಕಲಿಸುವ ಮೇಷ್ಟ್ರ ಬಂದೂಕಿನ ಹಿಡಿ, ಆಕ್ರೋಟ್ ಮರದ್ದು. ಅದರ ಎಡಮಗ್ಗುಲನ್ನು ಮಾವ ನಡುಕ ಹತ್ತುವ ಮೊದಲೇ ಮುಗಿಸಿದ್ದರು. ಅಂಥದ್ದು ಇನ್ನು ಆ ಕೈಯಿಂದ ಬರುವುದಿಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಬಲಮಗ್ಗುಲು ಸೊಸೆಯ ಪಾಲಿಗೆ ಬಂದಿತ್ತು. ಅದು ಕೆಟ್ಟರೆ ಉಜ್ಜಿ ತೆಗೆದು ಮತ್ತೆ ಕೊರೆಯಬಹುದು. ಆದರೆ ಉಜ್ಜಿದ ಕಡೆ ಹಿಡಿ ತೆಳುವಾಗುತ್ತದೆ; ಸಮ ಮಾಡಬೇಕೆಂದರೆ ಎಡಗಡೆಯನ್ನೂ ಉಜ್ಜಬೇಕು. ತನ್ನ ತಪ್ಪಿಗೆ ಮಾವನ ಕೊನೆಯ ಕೆಲಸ ಪುಡಿಯಾಗಬೇಕು. ಈ ಯೋಚನೆ ಹೊಕ್ಕಾಗಿನಿಂದ ಅವಳು ಉಳಿ ಹಿಡಿಯುವ ಮುನ್ನ ಎರಡೆರಡು ಸಲ ಕೈ ತೊಳೆಯುತ್ತಿದ್ದಳು.

ಉಳಿ ಎಂದರೆ ಮಾಮೂಲಿ ಉಳಿಯಲ್ಲ. ಅದರ ತುದಿಯಲ್ಲಿ ಎರಡು ಸಾಲು ಹಲ್ಲು. ಒಂದು ಸಾಲು ಹಿಂದಿನ ಗೆರೆಯೊಳಗೆ ಓಡುತ್ತಿರಬೇಕು, ಇನ್ನೊಂದು ಪಕ್ಕದಲ್ಲಿ ಹೊಸ ಗೆರೆ ಕೊರೆಯಬೇಕು. ಒಂದು ಗೆರೆ ಅಡ್ಡದಾರಿ ಹಿಡಿದರೆ ಮುಂದಿನವೆಲ್ಲ ಅದರ ಬಾಲ ಹಿಡಿದು ಹೋಗುತ್ತವೆ. ಅದಕ್ಕೇ ಮಾವ ಮೊದಲ ದಿನವೇ ಹೇಳಿದ್ದರು: "ದೀಪ ಯಾವಾಗಲೂ ಎಡಗಡೆಗೆ ಇರಬೇಕು. ನೆರಳು ಬದಲಾದ್ರೆ ಹಳ್ಳ ದಿಣ್ಣೆ ಕಾಣುತ್ತೆ, ದಿಣ್ಣೆ ಹಳ್ಳ ಕಾಣುತ್ತೆ."

ಅವತ್ತು ಮಧ್ಯಾಹ್ನ ಮಗು ಕಷ್ಟಪಟ್ಟು ನಿದ್ದೆ ಹೋಗಿತ್ತು. ಪರದೆ ಎಳೆದಿದ್ದಳು. ಮೇಜಿನ ದೀಪ ಹಾಕಿದರೆ ಬೆಳಕು ನೇರ ತೊಟ್ಟಿಲಿಗೆ, ಮಗುವಿನ ಕಣ್ಣಿಗೆ. ಮಗು ಮುಖ ಕಿವುಚಿತು. ಇನ್ನೇನು ಎದ್ದೇಬಿಡುತ್ತದೆ! ಸಂಜೆ ಮೇಷ್ಟ್ರು ಬರುವವರಿದ್ದರು. ಅವಳು ಸದ್ದಾಗದಂತೆ ದೀಪ ಎತ್ತಿ ಬಲಗಡೆ ಇಟ್ಟಳು. ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡಿದಳು. ಮತ್ತೆ ಕೂತಳು. ಉಳಿ ಸರಾಗವಾಗಿಯೇ ಓಡಿತು.

ಎದುರು ಓರೆಯ ಗೆರೆಗಳು ಮೇಲೆ ಬಿದ್ದಾಗಲೇ ಬಣ್ಣ ಬಯಲಾದದ್ದು. ಮುಂಚೆಯೇ ಗೆರೆ ಎಳೆದಿದ್ದ ಮೇಲುಭಾಗದ ಚೌಕುಳಿಗಳು ಅಚ್ಚುಕಟ್ಟು. ದೀಪ ಸರಿಸಿದ ಮೇಲೆ ಗೆರೆ ಎಳೆದ ಕೆಳಭಾಗದಲ್ಲಿ ಒಂದೊಂದೂ ಯಾರೋ ಕಿವಿ ಹಿಡಿದು ಎಳೆದ ಹಾಗೆ ಸೊಟ್ಟಗೆ. ಉಳಿಯ ಹಲ್ಲು ಗೆರೆಯೊಳಗೆ ಇಳಿಯದೆ ಅದರ ಅಂಚಿನ ಮೇಲೆಯೇ ಓಡಿತ್ತು. ಅವಳು ನೆರಳನ್ನೇ ಗೆರೆ ಎಂದುಕೊಂಡಿದ್ದಳು.

ಸಿಟ್ಟು ಬಂದರೂ ಯಾರ ಮೇಲೆ ತೀರಿಸಿಕೊಳ್ಳುವುದು? ಊರಲ್ಲಿಲ್ಲದ ಗಂಡನ ಮೇಲೆ ಸ್ವಲ್ಪ, ಮಲಗಿದ್ದ ಮಗುವಿನ ಮೇಲೆ ಸ್ವಲ್ಪ, ಅದು ಪಾಪವೆನಿಸಿ ಮಿಕ್ಕಿದ್ದೆಲ್ಲ ತನ್ನ ಮೇಲೆಯೇ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಎಣ್ಣೆ ತಿಕ್ಕಿದಳು. ಎಣ್ಣೆ ಕುಡಿದು ಮರ ಕಪ್ಪಾದಾಗ ಸೊಟ್ಟ ಅಷ್ಟಾಗಿ ಕಾಣಲಿಲ್ಲ. ಮಾವನ ಕಣ್ಣು ಮೊದಲೇ ಮಂಜು. ಮುಟ್ಟದೆ ಇದ್ದರೆ ಸಾಕು.

ಸಂಜೆ ಮೇಷ್ಟ್ರು ಬಂದರು. ಹಿಡಿಯನ್ನು ಕಿಟಕಿಯ ಬಳಿ ಒಯ್ದು ಆ ಕಡೆ ಈ ಕಡೆ ತಿರುಗಿಸಿದರು.

"ಏನ್ ಕೆಲಸ ರೀ! ಯಾವ ಕಡೆ ನಿಮ್ಮದು, ಯಾವ ಕಡೆ ಸೊಸೇದು?"

"ನೀವೇ ಹೇಳಿ" ಎಂದರು ಮಾವ.

"ಗೊತ್ತಾಗಲ್ಲಪ್ಪ. ಎರಡೂ ಒಂದೇ."

ಅವಳ ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. "ಕವರಿಗೆ ಹಾಕಿಕೊಡ್ಲಾ ಸಾರ್?" ಎಂದು ಕೈ ಚಾಚಿದಳು.

"ಇರು ಗಡಿಬಿಡಿ. ಒಂದ್ಸಲ ಕೊಡು ಇಲ್ಲಿ."

ಮಾವ ಹಿಡಿಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳು ಆಡಿಸಿದರು. ಎಡಮಗ್ಗುಲಲ್ಲಿ ಬೆರಳು ಒಂದೇ ಸಮನೆ ಹರಿಯಿತು. ಬಲಮಗ್ಗುಲಲ್ಲಿ ಹರಿದು, ಹರಿದು, ನಿಂತಿತು. ಸೊಸೆಯ ಮುಖ ನೋಡಲಿಲ್ಲ.

"ಮೇಷ್ಟ್ರೇ, ಎಣ್ಣೆ ಆರಿಲ್ಲ. ಇನ್ನು ಸ್ವಲ್ಪ ದಿನ ಬಿಟ್ಟು ಬನ್ನಿ."

"ಇದೇನ್ರೀ, ಮತ್ತೆ ಅಲೆಸ್ತೀರಲ್ಲ!" ಮೇಷ್ಟ್ರು ಗೊಣಗುತ್ತ ಚಪ್ಪಲಿ ಮೆಟ್ಟಿ ಹೊರಟರು.

ಬಾಗಿಲು ಹಾಕಿದ್ದೇ ಅವಳು ತಿರುಗಿ ನಿಂತಳು. "ಅವರಿಗೆ ಕಾಣಲೇ ಇಲ್ಲ ಮಾವ! ಕೊಟ್ಟುಬಿಟ್ಟಿದ್ರೆ ಏನಾಗ್ತಿತ್ತು?"

"ಏನೂ ಆಗ್ತಿರಲಿಲ್ಲ. ದೀಪ ಸರಿಸಿದ್ಯಾ?"

"ಮಗು ಕಣ್ಣಿಗೆ ಬೀಳ್ತಿತ್ತು..."

ಮಾವ ಮರ ಉಜ್ಜುವ ಉಪ್ಪುಕಾಗದ ತೆಗೆದುಕೊಂಡು ಹಿಡಿಯನ್ನು ತಿರುಗಿಸಿ ಉಜ್ಜತೊಡಗಿದರು. ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅದು ಎಡಮಗ್ಗುಲು.

"ಅಯ್ಯೋ, ಅದಲ್ಲ! ಅದು ನಿಮ್ಮದು! ಮೊದಲು ನಂದನ್ನ ಉಜ್ಜಿ!"

"ನಿಂದನ್ನ ಉಜ್ಜಿದ್ರೆ ಇದನ್ನ ಉಳಿಸೋದು ಹೇಗೆ ಅಂತ ತಲೆ ಕೆಡಿಸ್ಕೊಂಡು ಕೂರ್ತೀಯ. ಅಳ್ತೀಯ. ನಂಗೆ ಅದೆಲ್ಲ ಬೇಡ." ಮರದ ಪುಡಿ ಅವರ ಪಂಚೆಯ ಮೇಲೆ ಉದುರುತ್ತಿತ್ತು. "ನೋಡು, ಈ ಕೆಲಸಕ್ಕೆ ನಡುಗೋ ಕೈಯೇ ವಾಸಿ. ತಾನಾಗೇ ಉಜ್ಜುತ್ತೆ."

"ತಮಾಷೆ ಮಾಡ್ಬೇಡಿ ಮಾವ!"

"ಇನ್ನೇನ್ ಮಾಡ್ಲಿ? ಎರಡೂ ಕಡೆ ನೀನೇ ಕೊರಿ. ಈಗ ಹೊಂದಿಸ್ಬೇಕಾದ್ದು ಯಾವುದೂ ಇಲ್ಲವಲ್ಲ, ಹೆದರಿಕೆ ಯಾಕೆ?"

ಹೆದರಿಕೆಯಲ್ಲ, ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಬಾಗಿಲು ಬಡಿದು ಅಡುಗೆಮನೆಗೆ ಹೋಗಬಹುದಿತ್ತು. ಈ ಮನುಷ್ಯ ತನ್ನ ಕೈಯಾರೆ ತನ್ನದನ್ನೇ ಅಳಿಸಿ, ಅವಳಿಗೆ ಜಗಳಕ್ಕೂ ಜಾಗ ಬಿಡಲಿಲ್ಲ. ಹಾಕಿಯೇ ಇದ್ದ ದೀಪವನ್ನು ಎತ್ತಿ ದಡ್ಡನೆ ಎಡಗಡೆ ಕುಕ್ಕಿದಳು.

ಬೆಳಕು ತೊಟ್ಟಿಲಿಗೆ ಬಿತ್ತು. ಮಗು ಕಿಟಾರನೆ ಕಿರುಚಿತು.

ಮಾವ ಕೂತಲ್ಲಿಂದಲೇ ಕಾಲು ಚಾಚಿ ತೊಟ್ಟಿಲನ್ನು ಮೆಲ್ಲಗೆ ತಳ್ಳಿದರು. ಚಕ್ರದ ತೊಟ್ಟಿಲು. ಒಂದು ಮೊಳ ಉರುಳಿ ಬೀರುವಿನ ನೆರಳಿಗೆ ಸರಿದು ನಿಂತಿತು. ಮಗು ಸುಮ್ಮನಾಯಿತು.

ಅವಳು ತೊಟ್ಟಿಲ ಚಕ್ರವನ್ನೇ ದಿಟ್ಟಿಸಿದಳು. ಆ ಚಕ್ರವಿರುವ ತೊಟ್ಟಿಲೇ ಬೇಕೆಂದು ಹಟ ಹಿಡಿದು ಅಂಗಡಿ ಅಂಗಡಿ ಅಲೆದು ತಂದವಳು ಅವಳೇ.

"ಇನ್ನೊಂದು ಉಪ್ಪುಕಾಗದ ಎಲ್ಲಿಟ್ಟಿದೀರಿ?" ಎಂದು ಕೇಳಿದಳು, ಹಲ್ಲು ಕಚ್ಚಿಕೊಂಡೇ.