ಒಂದು ದಿನ ಮೊದಲೇ ಹಳದಿಯಾದ ಮದುಮಗ

ಹೆಸರೇನೋ ಪ್ರಬುದ್ಧ. ಹೆಸರಿಗೆ ತಕ್ಕಂತೆ ನಡೆದುಕೊಳ್ಳಲು ಅವನಿಗಿನ್ನೂ ಪುರಸೊತ್ತು ಸಿಕ್ಕಿರಲಿಲ್ಲ. ಚಿತ್ತಾಪುರದಲ್ಲಿ ಬಸ್‌ಸ್ಟ್ಯಾಂಡಿನ ಎದುರು, ಕಲೀಮನ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್ ಎಂದು ಕೂತು, ಊರಿನ ಬರ್ತ್‌ಡೇ, ಮದುವೆ, ಶ್ರದ್ಧಾಂಜಲಿಗಳನ್ನೆಲ್ಲ ಒಂದೇ ಕುರ್ಚಿಯಿಂದ ನಿಭಾಯಿಸುತ್ತಿದ್ದ. ಚೆನ್ನಾದರೆ ತನ್ನದು, ಕೆಟ್ಟರೆ ಕಂಪ್ಯೂಟರಿನದು.

ಆ ಕಂಪ್ಯೂಟರು ನಿಧಾನವೆಂದು ಕಲೀಮನ ತಲೆ ತಿಂದು, ಕಡೆಗೂ ಹೊಸ ಗ್ರಾಫಿಕ್ಸ್ ಕಾರ್ಡ್ ತರಿಸಿದ. ಹಳೆಯ ಮಾನಿಟರಿನ ಕೇಬಲ್ ಹೊಸ ಕಾರ್ಡಿಗೆ ಕೂರದು. ನಡುವೆ ಒಂದು ಕನ್ವರ್ಟರ್ ಇಟ್ಟು, ಹಲ್ಲು ಕಚ್ಚಿ ಒತ್ತಿದ. ಕೂತಿತು. ಪರದೆಯೂ ಹೊತ್ತಿಕೊಂಡಿತು, ಹಳದಿಯಾಗಿ.

"ಏನಪಾ ಇದು, ಎಣ್ಣಿ ಚೆಲ್ಲಿದಂಗ ಕಾಣಾಕತ್ತದ?" ಅಂದ ಕಲೀಮ್.

ಹಟ ಹಿಡಿದು ತರಿಸಿದವನು ಗೊತ್ತಿಲ್ಲವೆನ್ನುವುದು ಹೇಗೆ? "ವಾರ್ಮ್ ಟೋನ್ ಭಾಯ್. ಕಣ್ಣಿಗಿ ಭಾಳ ತಂಪು," ಎಂದುಬಿಟ್ಟ. ವಾರ್ಮ್ ಅಂದಮೇಲೆ ತಂಪು ಹೇಗೆಂದು ಕಲೀಮ್ ಕೇಳಲಿಲ್ಲ. ಪುಣ್ಯಾತ್ಮ.

ಹೊಸ ಕಾರ್ಡಿನ ಮೊದಲ ಕೆಲಸ ಕಾಳಗಿಯ ಲಾಲಮ್ಮನದು: ಮಗಳು ಲುಂಬಿನಿಯ ಮದುವೆ ಬ್ಯಾನರು. ಬೆಳಗಾದರೆ ಅರಿಷಿಣ, ಮನೆ ತುಂಬ ಬೀಗರು; ಸಂಜೆಯ ಬಸ್ಸಿಗೆ ಬ್ಯಾನರು ಹೋಗಲೇಬೇಕು. ಪ್ರಬುದ್ಧ ಮೊದಲು ಮದುಮಗನ ಫೋಟೋ ತೆರೆದ. ಅವನೂ ಹಳದಿ.

"ಹಲ್ದಿ ಹಚ್ಚಿದ ಮ್ಯಾಲ ತಗಸ್ಯಾರ, ಮತ್ತೇನು," ಅಂದ ಕಲೀಮ್.

ಮದುಮಗ ಹಳದಿಯಾಗಿರುವುದಕ್ಕಿಂತ ಸಹಜವಾದದ್ದು ಇನ್ನೇನಿದೆ? ಪರದೆಗೆ ವಾರ್ಮ್ ಟೋನ್, ಮುಖಕ್ಕೆ ಅರಿಷಿಣ. ಎರಡಕ್ಕೂ ಕಾರಣ ಸಿಕ್ಕಿತು. ಪ್ರಬುದ್ಧ ಮುಖಕ್ಕೆ ನೀಲಿ ಬೆರೆಸಿ ಅರಿಷಿಣ ತೊಳೆಯಲು ಕೂತ. ಹೋಗಲಿಲ್ಲ. ಇನ್ನಷ್ಟು ಬೆರೆಸಿದ. ಊಹೂಂ. ಗಟ್ಟಿ ಅರಿಷಿಣವೆಂದುಕೊಂಡು ಇದ್ದಷ್ಟೂ ನೀಲಿ ಸುರಿದು, ಮುದ್ರಣದಲ್ಲಾದರೂ ಹೋದೀತೆಂದು ಒಂದು ತುಂಡು ಸ್ಯಾಂಪಲ್ ತೆಗೆದ. ಅದನ್ನು ಮೊದಲು ಎತ್ತಿಕೊಂಡವಳು, ಆಗಷ್ಟೇ ಒಳಗೆ ಬಂದ ಲಾಲಮ್ಮ.

"ಯಪ್ಪಾ! ನನ್ನ ಅಳಿಯಗ ಏನು ಮಾಡೀರಿ? ಬಾವ್ಯಾಗಿಂದ ಎತ್ತಿದಂಗ ಅದಾನಲ್ಲ!"

"ಅರಿಷಿಣ ತೊಳ್ಯಾಕತ್ತಿದ್ದೆ, ಆಯಿ..."

"ಯಾವ ಅರಿಷಿಣ? ಹಚ್ಚೋದು ನಾಳಿ ಅದ! ಇದು ವಾಡಿ ಸ್ಟೇಷನ್ ಮುಂದ ನಿಂತು ತಗಸಿದ್ದು." ಆಕೆ ತನ್ನ ಫೋನು ಚಾಚಿದಳು. ಅದರಲ್ಲಿ ಗೋಧಿಬಣ್ಣದ ಹುಡುಗ ನಗುತ್ತಿದ್ದ, ಬಿಳಿ ಅಂಗಿ ಬಿಳಿಯಾಗಿಯೇ ಇತ್ತು.

ಕಲೀಮ್ ಪರದೆ ನೋಡಿದ, ಫೋನು ನೋಡಿದ, ಪ್ರಬುದ್ಧನನ್ನು ನೋಡಿದ. "ವಾರ್ಮ್ ಟೋನೇನೋ, ಬೇಟಾ?"

"ಬಸ್ ಹೋತಂದ್ರ ಬೀಗರ ಮುಂದ ನಿನ್ನೇ ನಿಂದ್ರಸ್ತೀನಿ, ಬ್ಯಾನರಾಗಿ," ಎಂದು ಲಾಲಮ್ಮ ಸ್ಟೂಲಿನ ಮೇಲೆ ಕೂತುಬಿಟ್ಟಳು.

ಪ್ರಬುದ್ಧ ಕಂಪ್ಯೂಟರಿನತ್ತ ತಿರುಗಿದ. ಕಾರ್ಡು ನಡೆಸುವ ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ. ಮಾನಿಟರಿನ ಗುಂಡಿ ಒತ್ತಿ ನೀಲಿಯನ್ನು ತುದಿಯವರೆಗೆ ಏರಿಸಿದ. ಏನೂ ಬದಲಾಗಲಿಲ್ಲ, ಅಂದರೆ ನೀಲಿ ಕಮ್ಮಿಯಾದದ್ದಲ್ಲ, ಮಾನಿಟರಿಗೆ ಬರುತ್ತಲೇ ಇಲ್ಲ; ಬಿಳಿಯಿಂದ ನೀಲಿ ಹೋದರೆ ಉಳಿಯುವುದು ಹಳದಿಯೇ! ಕೇಬಲ್ ಅಲ್ಲಾಡಿಸಿದ. ಪರದೆ ಕ್ಷಣಕಾಲ ಬೆಳ್ಳಗಾಗಿ ಮತ್ತೆ ಹಳದಿಗೆ ತಿರುಗಿತು. ಕೇಬಲ್ ಕಿತ್ತು ನೋಡಿದರೆ, ತುದಿಯ ಪಿನ್ನುಗಳ ಸಾಲಿನಲ್ಲಿ ನೀಲಿಯನ್ನು ಒಯ್ಯುವ ಪಿನ್ನು ತಲೆಬಾಗಿ ನಿಂತಿದೆ, ಇವನು ಹಲ್ಲು ಕಚ್ಚಿ ಒತ್ತಿದ್ದಕ್ಕೆ ಸಾಕ್ಷಿಯಾಗಿ.

"ಆಯಿ, ಒಂದು ಪಿನ್ನು ಕೊಡ್ರಿ."

ಲಾಲಮ್ಮನ ಬಳೆಗೆ ಸೀರೆಪಿನ್ನುಗಳ ಗೊಂಚಲೇ ನೇತಾಡುತ್ತಿತ್ತು. ಒಂದನ್ನು ಬಿಡಿಸಿ ಕೊಟ್ಟಳು. "ಮೆಲ್ಲಕ ಮಾಡಪಾ. ಆ ಕೇಬಲಿಂದು ಮುರಿದ್ರ ನಿನ್ನ ಕಿವಿ ನನ್ನ ಕೈಯಾಗ."

ಸೀರೆಪಿನ್ನಿನ ತುದಿಯಿಂದ ಕೇಬಲಿನ ಬಾಗಿದ ಪಿನ್ನನ್ನು ನೆಟ್ಟಗೆ ಮಾಡಿದ. ಈ ಸಲ ಹಲ್ಲು ಕಚ್ಚದೆ, ಮಗುವಿಗೆ ಟೊಪ್ಪಿಗೆ ಹಾಕುವಷ್ಟು ಮೆತ್ತಗೆ ಕೇಬಲ್ ಕೂರಿಸಿದ. ಪರದೆ ಹೊತ್ತಿತು: ಅಂಗಿ ಬೆಳ್ಳಗಿತ್ತು. ಅದರ ಮೇಲಿನ ಮುಖ ಮಾತ್ರ ಅವನೇ ಸುರಿದ ಅಷ್ಟೂ ನೀಲಿಯನ್ನು ಮೆತ್ತಿಕೊಂಡು ಇವನನ್ನೇ ನೋಡುತ್ತಿತ್ತು.

"ಈಗ ನೀಲಿ ತೊಳಿಯಪಾ," ಅಂದ ಕಲೀಮ್.

ಬಸ್ಸು ಹಾರ್ನ್ ಹೊಡೆಯುವಾಗ, ಮಸಿಯ ವಾಸನೆ ಹೋಗದ ಬ್ಯಾನರು ಲಾಲಮ್ಮನ ಕಂಕುಳಲ್ಲಿತ್ತು. ಸ್ಯಾಂಪಲ್ ತುಂಡನ್ನು ಪ್ರಬುದ್ಧ ಮೆಲ್ಲಗೆ ಕಸಕ್ಕೆ ಸರಿಸುತ್ತಿದ್ದ, ಆಕೆ ಕಸಿದುಕೊಂಡಳು.

"ತಾ ಇಲ್ಲಿ. ಬೀಗರಿಗಿ ತೋರಸ್ತೀನಿ. ಇಷ್ಟು ನೀಲಿ ಅದಾನ, ನಾಳಿ ಅರಿಷಿಣ ಜರಾ ಹೆಚ್ಚಿಗೇ ಹಚ್ರಿ ಅಂತೀನಿ."