ಕೊನೆಗೆ ಬರೆದ ಕಣ್ಣು

ಬೆಂಗಳೂರಿನ ಬಿಟಿಎಂ ಬಡಾವಣೆಯಲ್ಲಿ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಶನಿವಾರ ಬೆಳಿಗ್ಗೆ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತೇನೆ. ಹೋದ ವರ್ಷ ಒಂದು ವಾರ, ನೂರು ವರ್ಷದ ಹಿಂದಿನ ಇಟಲಿಯ ಚಿತ್ರಕಾರನೊಬ್ಬ ಬರೆದ ಹೆಂಗಸರನ್ನು ಗೋಡೆಗೆ ಅಂಟಿಸಿದ್ದೆ. ಉದ್ದ ಮುಖ, ಅದಕ್ಕಿಂತ ಉದ್ದ ಕತ್ತು, ಕಪ್ಪು ಗುಡ್ಡೆಯೇ ಇಲ್ಲದ ಖಾಲಿ ಕಣ್ಣು. "ಮಿಸ್, ಜಿರಾಫೆ ಆಂಟಿ!" ಎಂದು ಯಾರೋ ಕೂಗಿದರು; ಕೋಣೆಯೆಲ್ಲ ನಗು. "ನಿಮಗಿಷ್ಟ ಆದವರನ್ನ ಹಿಂಗೇ ಉದ್ದಕ್ಕೆ ಎಳೆದು ಬರೀರಿ ನೋಡೋಣ," ಎಂದೆ.

ಮೂಲೆಯಲ್ಲಿ ಕೂತಿದ್ದ ಹುಡುಗಿಗೆ ಏಳು ವರ್ಷ. ಅವಳ ಅಪ್ಪ ಧಾರವಾಡದ ಕಡೆಯವರು, ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದಾರೆ. ಅಮ್ಮ ತೀರಿಕೊಂಡು ಎರಡು ವರ್ಷ. ಅವಳು ಅಮ್ಮನನ್ನೇ ಬರೆದಿದ್ದಳು: ಅರ್ಧ ಹಾಳೆಯಷ್ಟು ಕತ್ತು, ಹಸಿರು ಸೀರೆ, ಹಣೆಗೆ ದೊಡ್ಡ ಕುಂಕುಮ. ಕಣ್ಣು ಮಾತ್ರ ಎರಡು ಖಾಲಿ ಬಾದಾಮಿ. ಆ ದಿನ ಅದಕ್ಕಿಂತ ಒಳ್ಳೆಯ ಚಿತ್ರ ಕೋಣೆಯಲ್ಲಿರಲಿಲ್ಲ.

ಹಾಗೇ ಬಿಡಬೇಕಿತ್ತು. ಆದರೆ ನಾನು ಗೌರಿ ಗಣೇಶನಿಗೆ ಬಣ್ಣ ಹಚ್ಚುವವರ ಮಗಳು. ಕತ್ರಿಗುಪ್ಪೆಯ ನನ್ನ ತವರಿನಲ್ಲಿ ಕಣ್ಣು ಬರೆಯುವುದು ಕೊನೆಯ ಕೆಲಸ. ಕಣ್ಣಿಲ್ಲದ ಗೌರಿಯನ್ನು ಅಪ್ಪ ಹೊಸ್ತಿಲು ದಾಟಿಸುತ್ತಿರಲಿಲ್ಲ. ಕನ್ನಡಿ ಮುಂದಿಟ್ಟುಕೊಂಡು, ನನ್ನದೇ ಕಣ್ಣು ನೋಡಿ ನೋಡಿ ಬರೆದು ನನ್ನ ಕೈ ಕೂತದ್ದು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ. "ಮುಗ್ಸೋದು ಮರ್ತಿದೀಯಾ ಪುಟ್ಟಿ," ಎಂದು ಅವಳ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಎರಡೂ ಕಣ್ಣು ತುಂಬಿಬಿಟ್ಟೆ.

"ಮರ್ತಿಲ್ಲ ಮಿಸ್," ಎಂದಳು ಮೆಲ್ಲಗೆ. "ಅಮ್ಮನ ಕಣ್ಣು ಹೆಂಗಿತ್ತು ಅಂತ ನೆನಪಾಗ್ತಾನೇ ಇರ್ಲಿಲ್ಲ."

ತುಂಬ ಹೊತ್ತು ಹಾಳೆಯನ್ನೇ ನೋಡಿದಳು. ಆಮೇಲೆ ಮುಖ ಅರಳಿತು. "ಹಾಂ! ಹಿಂಗೇ ಇತ್ತು ಮಿಸ್!"

ನಾನು ಬರೆದದ್ದು ಕನ್ನಡಿಯಲ್ಲಿ ಕಲಿತ ಕಣ್ಣು. ಅಳಿಸಲು ರಬ್ಬರ್ ಹಿಡಿದು ಕೈ ಚಾಚಿದರೆ ಹಾಳೆಯನ್ನು ಎದೆಗವುಚಿಕೊಂಡಳು.

ಮುಂದಿನ ಶನಿವಾರ ಅವಳ ಅಪ್ಪ ಮೇಲಕ್ಕೆ ಬಂದರು. ಮಗು ಅಳುತ್ತಾಳೆಂದು ಹೆಂಡತಿಯ ಫೋಟೋಗಳನ್ನೆಲ್ಲ ಬೀರುವಿನಲ್ಲಿ ಎತ್ತಿಟ್ಟಿದ್ದರಂತೆ. ಚಿತ್ರ ನೋಡಿದ ಮೇಲೆ ಒಂದನ್ನು ಹೊರಗೆ ತೆಗೆದರಂತೆ.

"ಆಕಿ ಕಣ್ಣು ಹಿಂಗಿರಲಿಲ್ರಿ ಮೇಡಂ. ಸಣ್ಣವು. ನಕ್ಕರ ಮುಚ್ಚೇ ಹೋಗತಿದ್ವು. ಫೋಟೋ ತೋರಿಸಿದ್ರ, ಇದು ಅಮ್ಮ ಅಲ್ಲ ಅಂತಾಳ್ರಿ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಮಗಳು ಮನೆಯಲ್ಲೇ ಮರೆತು ಬಂದಿದ್ದ ಬಣ್ಣದ ಡಬ್ಬಿ ನನ್ನ ಕೈಗೆ ಕೊಟ್ಟು ಇಳಿದುಹೋದರು. ಆ ಹೆಂಗಸನ್ನು ನಾನು ಕಂಡವಳೇ ಅಲ್ಲ. ಈಗ ತಲೆ ಬಾಚಿಕೊಳ್ಳಲು ಕನ್ನಡಿ ಮುಂದೆ ನಿಂತರೆ ಬೆನ್ನ ಹಿಂದೆ ಅವಳು ನಿಂತಿದ್ದಾಳೆ ಅನ್ನಿಸುತ್ತದೆ. ಅವಳಿಂದ ಏನನ್ನೋ ಕದ್ದೆ ಎಂದು ಭಯವಾಗುತ್ತದೆ, ಬಾಚಣಿಗೆ ಅಲ್ಲೇ ಇಟ್ಟುಬಿಡುತ್ತೇನೆ.

ಹುಡುಗಿ ಒಂದು ಶನಿವಾರವೂ ತಪ್ಪಿಸುವುದಿಲ್ಲ. ಮೂಲೆ ಬಿಟ್ಟು ನನ್ನೆದುರೇ ಕೂರುತ್ತಾಳೆ. ಬರೆಯುವುದು ಕಡಿಮೆ, ನೋಡುವುದೇ ಹೆಚ್ಚು. ಹೋದ ವಾರ ಒರೆಸಿಕೊಳ್ಳಲೆಂದು ಕನ್ನಡಕ ತೆಗೆದೆ. ಅವಳು ಪೆನ್ಸಿಲ್ ಕೆಳಗಿಟ್ಟಳು.

"ಈಗ್ಲೇ ಹಾಕ್ಕೋಬೇಡಿ ಮಿಸ್. ಇನ್ನೊಂಚೂರು ನೋಡ್ತೀನಿ."