ಅಣ್ಣನ ಪಕ್ಕದ ಬೆಂಚು

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ಬೆಂಚಿನ ಮೇಲೆ ಕುಳಿತುಕೊಳ್ಳುವುದೂ ಎಷ್ಟು ಕಷ್ಟದ ಕೆಲಸವಾಗಬಲ್ಲದು ಎಂಬುದನ್ನು ಬೀದರಿನ ನ್ಯಾಯಾಲಯದಲ್ಲಿ ಕಂಡೆ.

ನಮ್ಮ ಹೊಲ ಸಂತಪುರದ ಹತ್ತಿರವಿತ್ತು. ಅಲ್ಲಿಗೆ ಹೋಗುವ ಬಂಡಿಯ ಹಾದಿ ದೊಡ್ಡಪ್ಪನ ಹೊಲದೊಳಗಿಂದ ಹಾಯುತ್ತಿತ್ತು. ಯಾವುದೋ ಮುನಿಸಿನಿಂದ ದೊಡ್ಡಪ್ಪ ಆ ಹಾದಿಗೆ ಮುಳ್ಳು ಹಚ್ಚಿ ಮುಚ್ಚಿದರು. ತೊಗರಿ ಬಲಿಯುತ್ತಿತ್ತು, ಹಾದಿ ತೆರೆಯದಿದ್ದರೆ ನಮ್ಮ ರಾಶಿ ಬೀದರಿನ ಗಾಂಧಿ ಗಂಜ ಮಾರುಕಟ್ಟೆ ತಲುಪುವ ಬಗೆಯೇ ಇರಲಿಲ್ಲ. ಅಪ್ಪ ನ್ಯಾಯಾಲಯದ ಮೊರೆ ಹೋದರು.

ಅವ್ವ ತವರಿಗೆ ಹೋಗಿದ್ದರಿಂದ ವಿಚಾರಣೆಯ ದಿನ ಅಕ್ಕನನ್ನೂ ನನ್ನನ್ನೂ ಅಪ್ಪ ಜೊತೆಗೇ ಕರೆದೊಯ್ದರು. ಬಾಗಿಲಲ್ಲಿ ನಿಯಮಗಳ ಫಲಕವಿತ್ತು. ಅಕ್ಕ ಓದಿ ಹೇಳಿದಳು: "ಎಲಿ ತಿನ್ನಂಗಿಲ್ಲ, ಉಗುಳಂಗಿಲ್ಲ, ಮಾತಾಡಂಗಿಲ್ಲ. ಸಾಹೇಬ್ರು ಬಂದ್ರ ಎದ್ದು ನಿಲ್ಲಬೇಕು."

"ಉಸಿರಾಡ್ಲಿಕ್ಕರ ಪರವಾನಗಿ ಅದ ಏನವ್ವಾ?" ಎಂದು ಅಪ್ಪ ನಕ್ಕರು. ಆದರೆ ಎಲೆಅಡಿಕೆಯ ಸಂಚಿಯನ್ನು ಅಕ್ಕನ ಕೈಗಿತ್ತು, ನಳದ ಬಳಿ ಬಾಯಿ ಮುಕ್ಕಳಿಸಿ ಬಂದರು. ಒಂದು ನಿಯಮ ತಪ್ಪಿದರೂ ಹಾದಿ ಕೈತಪ್ಪಿದಂತೆಯೇ ಎಂಬುದು ಅವರ ಭಯವಾಗಿತ್ತು.

ಒಳಗೆ ಹಳೆಯ ಕಾಗದದ ವಾಸನೆ. ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ನ್ಯಾಯಾಧೀಶರು ಬಂದಾಗ ಎಲ್ಲರೂ ಎದ್ದರು, ಅವರು ಕುಳಿತಾಗ ಎಲ್ಲರೂ ಕುಳಿತರು. ಅಪ್ಪ ಮಾತ್ರ ನಿಂತೇ ಇದ್ದರು. ಖಾಲಿ ಉಳಿದಿದ್ದ ಒಂದೇ ಜಾಗ ದೊಡ್ಡಪ್ಪನ ಪಕ್ಕದಲ್ಲಿತ್ತು. ನಮ್ಮ ಮನೆತನದಲ್ಲಿ ತಮ್ಮನಾದವನು ಅಣ್ಣನ ಸರಿಸಮ ಕೂರುವ ರೂಢಿಯೇ ಇರಲಿಲ್ಲ. ಜವಾನ ಕೈಸನ್ನೆಯಿಂದ ಕೂರಲು ಹೇಳಿದ. ಅಪ್ಪ ಮೆಲ್ಲನೆ ನೆಲದ ಮೇಲೆ ಕುಳಿತುಬಿಟ್ಟರು.

"ಬೆಂಚು ಇದೆಯಲ್ಲ, ಕೆಳಗೇಕೆ ಕುಳಿತಿರಿ?" ಎಂದು ನ್ಯಾಯಾಧೀಶರು ಕೇಳಿದರು.

ಅಪ್ಪ ಕೈಮುಗಿದರು. "ಅಣ್ಣನ ಬಾಜೂಕ ಹ್ಯಾಂಗ ಕೂಡ್ಲಿರಿ, ಸಾಹೇಬ್ರ?"

"ನೀವು ದಾವೆ ಹಾಕಿರುವುದು ಇವರ ಮೇಲೆಯೇ ಅಲ್ಲವೇ?"

"ಜಗಳ ಹಾದೀದ್ದರಿ. ಅಣ್ಣ ಅಣ್ಣನೇರಿ."

ಫಲಕವನ್ನು ಮರೆತು ಎಲ್ಲರೂ ನಕ್ಕರು. ದೊಡ್ಡಪ್ಪನ ಮುಖ ಕೆಂಪಾಯಿತು. "ಏಳೋ! ಮಂದ್ಯಾಗ ನನ್ನ ಮರ್ಯಾದಿ ತೆಗಿತಿ ಏನು?" ಎಂದು ಪಿಸುಗುಟ್ಟಿದರು. ನ್ಯಾಯಾಧೀಶರು ನಗೆ ತಡೆದು, "ಇಲ್ಲಿ ಎಲ್ಲರಿಗೂ ಒಂದೇ ಬೆಂಚು. ಮೇಲೆ ಕುಳಿತುಕೊಳ್ಳಿ," ಎಂದರು. ಅಪ್ಪ ಅಂಚಿನಲ್ಲಿ, ಇನ್ನೇನು ಬೀಳುವಂತೆ ಕುಳಿತರು. ಆಮೇಲೆ ನ್ಯಾಯಾಧೀಶರು, ಹೊರಗೆ ಹೋಗಿ ಒಮ್ಮೆ ಮಾತಾಡಿಕೊಂಡು ಬನ್ನಿ ಎಂದು ಇಬ್ಬರನ್ನೂ ಕಳುಹಿಸಿದರು.

ಬೇವಿನ ಮರದ ಕೆಳಗೆ ದೊಡ್ಡಪ್ಪ ಬಹಳ ಹೊತ್ತು ಕೆಮ್ಮಿದರು. ಕೊನೆಗೆ, "ಮುಳ್ಳು ನಾಳೆನೇ ತೆಗಿತೇನಿ. ಬಂಡಿ ಹೊಡಿ," ಎಂದರು. ಅದನ್ನೇ ಇಬ್ಬರೂ ಒಳಗೆ ಹೋಗಿ ಹೇಳಿ, ಬರೆಸಿ ಬಂದರು.

ಮರಳುವ ಬಸ್ಸಿನಲ್ಲಿ ಅಪ್ಪ ಕಂಬ ಹಿಡಿದು ನಿಂತಿದ್ದರು. ದೊಡ್ಡಪ್ಪ ಕಿಟಕಿಯ ಕಡೆ ಸರಿದು ಸೀಟನ್ನು ತಟ್ಟಿದರು. "ಕುಂಡ್ರು. ಸಾಹೇಬ್ರು ಹೇಳ್ಯಾರ."

ಈಗ ನೀವು ನನ್ನ ಮಂಚದ ಮೇಲೆಯೇ ಒರಗಿ, ಕಾಲುಗಳನ್ನು ನನ್ನ ತೊಡೆಯ ಮೇಲೆ ಚಾಚಿ ಈ ಕತೆ ಕೇಳುತ್ತಿದ್ದೀರಿ. ಯಾರ ಪಕ್ಕ ಕೂರಬೇಕು ಎಂದು ನೀವು ಯಾರನ್ನೂ ಕೇಳಬೇಕಾಗಿಲ್ಲ. ನನ್ನ ಅಪ್ಪನಿಗೆ ಮಾತ್ರ, ಸ್ವಂತ ಅಣ್ಣನ ಪಕ್ಕ ಕೂರಲು, ನ್ಯಾಯಾಲಯದ ಅಪ್ಪಣೆಯೇ ಬೇಕಾಯಿತು.